ಕೀಲಿಯ ಕೆಳಗೊಂದು ಸ್ವಿಚ್ಚು

ಗಗನಚುಕ್ಕಿ, ಭರಚುಕ್ಕಿಗಳ ಭೋರ್ಗರೆತ ಕೇಳಿಸುವ ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ಒಂದು ಸಂಪರ್ಕ ಕೂಡಿತು. ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಮೂರು ವರ್ಷಗಳ ನಂತರ, 1905ರಲ್ಲಿ, ಅದೇ ವಿದ್ಯುತ್ತು ಬೆಂಗಳೂರಿನ ಬೀದಿ ದೀಪ ಬೆಳಗಿತು. ಇಷ್ಟೆಲ್ಲದರ ಮೂಲದಲ್ಲಿರುವ ತತ್ತ್ವ ಮಾತ್ರ ಬಹಳ ಸರಳ. ಎರಡು ಲೋಹದ ತುಂಡುಗಳು ತಾಗಿದರೆ ವಿದ್ಯುತ್ತು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಅದೇ ತತ್ತ್ವ ಇಂದು ಮಳವಳ್ಳಿ, ಬೆಳಕವಾಡಿ ಕಡೆಯ ಮನೆಗಳಲ್ಲಿ ಒಂದು ಸಣ್ಣ ಜಗಳಕ್ಕೆ ಕಾರಣವಾಗಬಹುದು. ಪಿಯುಸಿ ಓದುವ ಮಗ ಮೆಕ್ಯಾನಿಕಲ್ ಕೀಲಿಮಣೆ ಬೇಕೆಂದು ಹಟ ಹಿಡಿದಿದ್ದಾನೆ ಎಂದುಕೊಳ್ಳಿ.

‘ನಾಕ್ ಸಾವ್ರ ಕೊಟ್ಟು ಕೀಲಿಮಣೆನಾ? ಐನೂರಕ್ಕೆ ಸಿಗೋದು ಟೈಪ್ ಮಾಡಕ್ಕಿಲ್ವೇನ್ಲಾ?’ ಎನ್ನುತ್ತಾನೆ ಅಪ್ಪ. ‘ಅದ್ರಲ್ಲಿ ಆಟ ಆಡಕ್ಕಾಗಕ್ಕಿಲ್ಲ ಕಣಪ್ಪ’ ಎಂದು ಮಗ ಬಾಯಿತಪ್ಪಿ ನಿಜ ಹೇಳಿಬಿಡುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ!

ಆದರೆ ಮಾತು ಅಲ್ಲಿಗೇ ಮುಗಿಯಬೇಕಾಗಿಲ್ಲ. ಆಟಕ್ಕೆ ಕೊಂಡ ಕೀಲಿಮಣೆಯಲ್ಲೇ ನಾಳೆ ನೌಕರಿಗೆ ಬೇಕಾದ ಬೆರಳಚ್ಚನ್ನೂ ಕಲಿಯಬಹುದು. ಕೊಳ್ಳುವ ಮುನ್ನ ಕೀಲಿಯ ಕೆಳಗೆ ಏನಿದೆ ಎಂದು ತಿಳಿದಿದ್ದರೆ ಹಣವೂ ಪೋಲಾಗುವುದಿಲ್ಲ.

ರಬ್ಬರ್ ಹಾಳೆಯೋ, ಬಿಡಿ ಸ್ವಿಚ್ಚೋ?

ಕಚೇರಿಗಳಲ್ಲಿ, ಶಾಲೆಯ ಗಣಕ ಕೊಠಡಿಗಳಲ್ಲಿ ಕಾಣುವ ಸಾಮಾನ್ಯ ಕೀಲಿಮಣೆಯನ್ನು ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಹಾಳೆಗಳೂ ಅವುಗಳ ಮೇಲೆ ರಬ್ಬರಿನ ಪುಟ್ಟ ಗುಮ್ಮಟಗಳೂ ಕಾಣುತ್ತವೆ. ಕೀಲಿ ಒತ್ತಿದಾಗ ಗುಮ್ಮಟ ಕುಸಿದು ಹಾಳೆಗಳ ಮೇಲಿನ ಗೆರೆಗಳು ಒಂದಕ್ಕೊಂದು ತಾಗುತ್ತವೆ. ಇದು ಅಗ್ಗ, ಸದ್ದೂ ಕಡಿಮೆ. ಆದರೆ ಹಾಳೆ ಒಂದೇ ಆದ್ದರಿಂದ ಒಂದು ಭಾಗ ಕೆಟ್ಟರೆ ಸಾಮಾನ್ಯವಾಗಿ ಇಡೀ ಕೀಲಿಮಣೆಯನ್ನೇ ಎಸೆಯಬೇಕಾಗುತ್ತದೆ.

ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಹಾಗಲ್ಲ. ಪ್ರತಿಯೊಂದು ಕೀಲಿಯ ಕೆಳಗೂ ಒಂದು ಸ್ಪ್ರಿಂಗು, ಒಂದು ಜೊತೆ ಲೋಹದ ಸಂಪರ್ಕ ಇರುವ ಪ್ರತ್ಯೇಕ ಸ್ವಿಚ್ಚು ಇರುತ್ತದೆ. ಚೆರಿ ಕಂಪನಿಯು 1980ರ ದಶಕದಲ್ಲಿ ಹೊರತಂದ ‘ಎಂಎಕ್ಸ್’ ಮಾದರಿಯೇ ಇಂದಿನ ಬಹುಪಾಲು ಸ್ವಿಚ್ಚುಗಳಿಗೆ ಮಾದರಿ. ಕೈಲ್, ಗೇಟರಾನ್, ಔಟೆಮು ಮೊದಲಾದ ಚೀನಾ ತಯಾರಿಕೆಗಳು ಅದೇ ಅಚ್ಚಿನಲ್ಲಿ ಬಂದದ್ದರಿಂದಲೇ ಬೆಲೆ ಇಳಿಯಿತು.

ಬಾಳಿಕೆಯ ಲೆಕ್ಕ ನೋಡಿ. ರಬ್ಬರ್ ಗುಮ್ಮಟದ ಕೀಲಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಆಯುಸ್ಸು 50 ಲಕ್ಷದಿಂದ 1 ಕೋಟಿ ಒತ್ತು. ಒಳ್ಳೆಯ ಮೆಕ್ಯಾನಿಕಲ್ ಸ್ವಿಚ್ಚಿಗೆ 5 ಕೋಟಿ ಅಥವಾ ಅದಕ್ಕೂ ಹೆಚ್ಚು. ದಿನಕ್ಕೆ 10,000 ಸಲ ಒಂದೇ ಕೀಲಿ ಒತ್ತಿದರೂ 5 ಕೋಟಿ ಮುಟ್ಟಲು 5,000 ದಿನ, ಅಂದರೆ ಹದಿಮೂರು ವರ್ಷಕ್ಕೂ ಮಿಕ್ಕಿ ಬೇಕು. ದೂಳು, ಚಹಾ, ಇರುವೆಗಳು ಅಷ್ಟು ದಿನ ಸುಮ್ಮನಿರುತ್ತವೆಯೇ ಎಂಬುದು ಬೇರೆ ಪ್ರಶ್ನೆ.

ಒಂದು ಎಚ್ಚರಿಕೆ: ಪೆಟ್ಟಿಗೆಯ ಮೇಲೆ ‘ಮೆಕ್ಯಾನಿಕಲ್ ಫೀಲ್’, ‘ಸೆಮಿ ಮೆಕ್ಯಾನಿಕಲ್’ ಎಂದು ಬರೆದಿದ್ದರೆ ಒಳಗಿರುವುದು ಬಹುಮಟ್ಟಿಗೆ ಅದೇ ರಬ್ಬರ್ ಹಾಳೆ. ಬಣ್ಣದ ದೀಪಗಳಿಗೂ ಸ್ವಿಚ್ಚಿಗೂ ಸಂಬಂಧವಿಲ್ಲ. ಸ್ವಿಚ್ಚಿನ ಹೆಸರು ಮತ್ತು ಬಣ್ಣವನ್ನು ಸ್ಪಷ್ಟವಾಗಿ ಹೇಳದ ಕೀಲಿಮಣೆಯನ್ನು ಕೊಳ್ಳದಿರುವುದೇ ಲೇಸು.

ಕೆಂಪು, ಕಂದು, ನೀಲಿ

ಬಣ್ಣಗಳ ಅರ್ಥ ಹೀಗೆ. ಕೆಂಪು ಸ್ವಿಚ್ಚು ಮೇಲಿಂದ ಕೆಳಗಿನವರೆಗೆ ನುಣುಪಾಗಿ ಇಳಿಯುತ್ತದೆ. ಚೆರಿಯ ಕೆಂಪಿಗೆ ಸುಮಾರು 45 ಗ್ರಾಂ ತೂಕದಷ್ಟು ಒತ್ತಡ ಸಾಕು. ನೀಲಿ ಸ್ವಿಚ್ಚು ‘ಟಿಕ್’ ಎಂದು ಸದ್ದು ಮಾಡುತ್ತದೆ, ಸುಮಾರು 60 ಗ್ರಾಂ ಬೇಡುತ್ತದೆ. ಕಂದು ಬಣ್ಣದ್ದು ಇವೆರಡರ ನಡುವಿನದು. ಅಕ್ಷರ ದಾಖಲಾಗುವ ಹೊತ್ತಿಗೆ ಬೆರಳಿಗೆ ಒಂದು ಸಣ್ಣ ಉಬ್ಬು ತಗಲಿದಂತಾಗುತ್ತದೆ, ‘ಟಿಕ್’ ಎನ್ನುವ ಸದ್ದು ಇಲ್ಲ.

ವೇಗದ ಆಟಗಳನ್ನು ಆಡುವವರು ಸಾಮಾನ್ಯವಾಗಿ ಕೆಂಪನ್ನು ಮೆಚ್ಚುತ್ತಾರೆ. ಬೆರಳಚ್ಚು ಮಾಡುವವರಿಗೆ ಕಂದು ಹಿತ. ಎರಡಕ್ಕೂ ಒಂದೇ ಕೀಲಿಮಣೆ ಎನ್ನುವ ಮನೆಗೆ ಕಂದೇ ಸೂಕ್ತ. ನೀಲಿಯ ಸದ್ದು ಅಂಗಡಿಯಲ್ಲಿ ಚೆನ್ನಾಗಿಯೇ ಕೇಳುತ್ತದೆ. ರಾತ್ರಿ ಹನ್ನೊಂದಕ್ಕೆ, ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುವಾಗ, ಹಾಗಿರುವುದಿಲ್ಲ.

ಹಳೆಯ ಬೆರಳಚ್ಚು ಯಂತ್ರದಲ್ಲಿ ಕಲಿತ ಅಪ್ಪಂದಿರಿಗೆ ಇಲ್ಲೊಂದು ಸ್ವಾರಸ್ಯವಿದೆ. ಆ ಯಂತ್ರದಲ್ಲಿ ಬೆರಳಿನ ಪೆಟ್ಟಿನಿಂದಲೇ ಅಕ್ಷರ ಕಾಗದಕ್ಕೆ ಬಡಿಯಬೇಕಿತ್ತು. ಮೆಕ್ಯಾನಿಕಲ್ ಸ್ವಿಚ್ಚು ಒಟ್ಟು 4 ಮಿ.ಮೀ. ಇಳಿದರೂ ಅಕ್ಷರ ದಾಖಲಾಗುವುದು ಸುಮಾರು 2 ಮಿ.ಮೀ.ಗೇ. ತಳದವರೆಗೆ ಗುದ್ದುವ ಅಗತ್ಯವಿಲ್ಲ. ಮೃದುವಾಗಿ ಒತ್ತುವುದನ್ನು ರೂಢಿಸಿಕೊಂಡರೆ ಬೆರಳು, ಮಣಿಕಟ್ಟು ಎರಡಕ್ಕೂ ದಣಿವು ಕಡಿಮೆ.

ಆಟಕ್ಕೆ ಇನ್ನೊಂದು ಗುಣವೂ ಬೇಕು. ಓಡುತ್ತ, ತಿರುಗುತ್ತ, ಜಿಗಿಯಲು ಮೂರು ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ಕೀಲಿಗಳು ಅಡ್ಡ ಮತ್ತು ಉದ್ದ ತಂತಿಗಳ ಜಾಲದಲ್ಲಿ ಕೂತಿರುವುದರಿಂದ, ಅಗ್ಗದ ಕೀಲಿಮಣೆಯಲ್ಲಿ ಕೆಲವು ಕೀಲಿಗಳು ಒಟ್ಟಿಗೆ ಬಿದ್ದರೆ ಒಂದು ದಾಖಲಾಗದೇ ಹೋಗುತ್ತದೆ. ಪ್ರತಿ ಕೀಲಿಗೂ ಒಂದೊಂದು ಡಯೋಡ್ ಇಟ್ಟರೆ ಈ ತೊಂದರೆ ಇಲ್ಲ. ‘ಎನ್-ಕೀ ರೋಲ್‌ಓವರ್’ ಎಂದು ಬರೆದಿರುವುದರ ಅರ್ಥ ಇದೇ.

ಗಾತ್ರದ ಬಗ್ಗೆಯೂ ಯೋಚಿಸಬೇಕು. ಮೇಜಿನ ಮೇಲೆ ಮುದ್ದಾಗಿ ಕಾಣುವ ಚಿಕ್ಕ ಕೀಲಿಮಣೆಗಳಲ್ಲಿ ಅಂಕಿಗಳ ಗುಂಪು ಇರುವುದಿಲ್ಲ. ಟ್ಯಾಲಿ ಕಲಿಯುವ ವಾಣಿಜ್ಯ ವಿದ್ಯಾರ್ಥಿಗೆ ಅದಿಲ್ಲದೆ ಕೈ ಕಟ್ಟಿದಂತೆ.

ಕನ್ನಡಕ್ಕೆ ‘ಎಫ್’ ಕೀಲಿ

ಕನ್ನಡದಲ್ಲಿ ಬೆರಳಚ್ಚು ಮಾಡಲು ಕನ್ನಡ ಅಕ್ಷರ ಮುದ್ರಿಸಿದ ಕೀಲಿಮಣೆ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಕಿಲ್ಲ. ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಗಳನ್ನು ಜೋಡಿಸಿಕೊಟ್ಟವರು ಕೆ. ಅನಂತಸುಬ್ಬರಾವ್. ಗಣಕದ ಕಾಲಕ್ಕೆ ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಉಚ್ಚಾರಣೆಗೆ ಹೊಂದುವಂತೆ ಕೂರಿಸಿದವರು ಕೆ.ಪಿ. ರಾವ್. ಅವರ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಒಪ್ಪಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದೇ.

ಈ ವಿನ್ಯಾಸದಲ್ಲಿ ‘ಶಿವನಸಮುದ್ರ’ ಎಂದು ಬರೆಯಲು ಹತ್ತು ಕೀಲಿ ಸಾಕು: ಶಿಫ್ಟ್ ಸಹಿತ ಎಸ್, ನಂತರ ಐ, ವಿ, ಎನ್, ಎಸ್, ಎಂ, ಯು, ಡಿ, ಎಫ್, ಆರ್. ಇವುಗಳಲ್ಲಿ ‘ಎಫ್’ ವಿಶೇಷದ್ದು. ದ ಮತ್ತು ರ ಕೂಡಿ ‘ದ್ರ’ ಆಗುವುದು ಅದರಿಂದಲೇ. ಒತ್ತಕ್ಷರಗಳನ್ನೆಲ್ಲ ಬೆಸೆಯುವ ಕೀಲಿ ಅದು.

ಇಂಗ್ಲಿಷಿನಲ್ಲಿ ಎಫ್ ಅಪರೂಪದ ಅಕ್ಷರಗಳ ಸಾಲಿನದು. ಕನ್ನಡದಲ್ಲಿ ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ಅದು ಬೇಕು. ಅದು ಒಮ್ಮೆ ಕೈಕೊಟ್ಟರೆ ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ, ‘ಮಂಡ್ಯ’ ಹೋಗಿ ‘ಮಂಡಯ’ ಆಗುತ್ತದೆ! ಆದ್ದರಿಂದ ಕನ್ನಡ ಬರೆಯುವವರು ಹೊಸ ಕೀಲಿಮಣೆಯಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಎಫ್ ಕೀಲಿ ಮತ್ತು ಎರಡೂ ಶಿಫ್ಟ್ ಕೀಲಿಗಳನ್ನು. ಮಹಾಪ್ರಾಣಗಳಿಗೆ ಶಿಫ್ಟ್ ಬೇಕೇ ಬೇಕು.

ಪರೀಕ್ಷೆಯ ಕೊಠಡಿಯಲ್ಲಿ

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಪಿಯುಸಿ ಮಟ್ಟದ ಗುಮಾಸ್ತ ಹುದ್ದೆಗಳಿಗೆ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದಗಳ ವೇಗ ಕೇಳುತ್ತದೆ. ಅದರ ಲೆಕ್ಕದಲ್ಲಿ ಇದು ಗಂಟೆಗೆ 10,500 ಒತ್ತು. ಹತ್ತು ನಿಮಿಷದ ಪರೀಕ್ಷೆಯಲ್ಲಿ 1,750. ಇಷ್ಟು ವೇಗದಲ್ಲಿ ಒಂದು ಕೀಲಿ ಆಗಾಗ ಎರಡು ಸಲ ಬಿದ್ದರೂ ತಪ್ಪುಗಳು ಏರುತ್ತವೆ.

ಆದರೆ ಪರೀಕ್ಷಾ ಕೇಂದ್ರದಲ್ಲಿ ಕೊಡುವುದು ಅಲ್ಲಿಯ ಕೀಲಿಮಣೆಯನ್ನು. ಅದು ಹೆಚ್ಚಾಗಿ ರಬ್ಬರ್ ಹಾಳೆಯದ್ದೇ ಆಗಿರಬಹುದು. ಮನೆಯ ಹಗುರ ಸ್ವಿಚ್ಚಿಗೆ ಒಗ್ಗಿದ ಬೆರಳು ಅಲ್ಲಿ ತಡವರಿಸಿದರೆ? ಇದಕ್ಕೆ ಪರಿಹಾರ ಸುಲಭ. ಮನೆಯಲ್ಲಿರುವ ಹಳೆಯ ಐನೂರು ರೂಪಾಯಿಯ ಕೀಲಿಮಣೆಯನ್ನು ಎಸೆಯಬೇಡಿ. ಪರೀಕ್ಷೆಗೆ ಒಂದು ತಿಂಗಳು ಇರುವಾಗಿನಿಂದ ಪ್ರತಿದಿನದ ಅಭ್ಯಾಸದಲ್ಲಿ ಅರ್ಧವನ್ನು ಅದರ ಮೇಲೆಯೇ ಮಾಡಿ. ಬೆರಳಿನ ಸ್ಥಾನ ಸರಿಯಾಗಿ ಕಲಿತವರಿಗೆ ಯಾವ ಕೀಲಿಮಣೆಯೂ ಪರಕೀಯವಲ್ಲ. ತಪ್ಪು ಬೆರಳಿನಿಂದ ಕಲಿತವರನ್ನು ಹತ್ತು ಸಾವಿರದ ಕೀಲಿಮಣೆಯೂ ಉಳಿಸದು.

ಕೆಟ್ಟರೆ ಏನು ಮಾಡಬೇಕು?

ಮೊದಲು ದೋಷ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಕೀಲಿಮಣೆಯ ತಂತಿಯನ್ನು ಬೇರೆ ಯುಎಸ್‌ಬಿ ಕಿಂಡಿಗೆ, ಸಾಧ್ಯವಾದರೆ ಬೇರೆ ಗಣಕಕ್ಕೆ ಚುಚ್ಚಿ ನೋಡಿ. ಅಲ್ಲಿ ಸರಿಯಾಗಿದ್ದರೆ ತಪ್ಪು ಕೀಲಿಮಣೆಯದ್ದಲ್ಲ.

ವಿಂಡೋಸ್‌ನಲ್ಲಿ ಇನ್ನೊಂದು ತಮಾಷೆ ಇದೆ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಸೌಲಭ್ಯ ಎಚ್ಚರಗೊಳ್ಳುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಹಿಡಿದರೆ ‘ಫಿಲ್ಟರ್ ಕೀಸ್’. ಎರಡನೆಯದು ಚಾಲೂ ಆದರೆ ಬೇಗ ಬೇಗ ಒತ್ತಿದ ಅಕ್ಷರಗಳು ಬೀಳುವುದೇ ಇಲ್ಲ. ಆಟದ ಭರದಲ್ಲಿ ಇದನ್ನು ತಿಳಿಯದೇ ಚಾಲೂ ಮಾಡಿ, ಕೀಲಿಮಣೆ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ಯುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಇವೆರಡನ್ನೂ ಆರಿಸಿ ನೋಡಿ.

ಒಂದೇ ಕೀಲಿ ಎರಡು ಸಲ ಬೀಳುತ್ತಿದೆಯೇ? ‘ಶಿವನಸಮುದ್ರ’ ‘ಶಿವನನಸಮುದ್ರ’ ಆಗುತ್ತಿದೆಯೇ? ಲೋಹದ ಸಂಪರ್ಕಗಳು ತಾಗುವಾಗ ಕ್ಷಣಮಾತ್ರ ಕುಣಿಯುತ್ತವೆ. ಆ ಕುಣಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಕೀಲಿಮಣೆಯೊಳಗಿನ ಚಿಪ್ಪು ಕೆಲವು ಮಿಲಿಸೆಕೆಂಡು ಕಾಯುತ್ತದೆ. ದೂಳು, ತೇವ, ಸವೆತದಿಂದ ಕುಣಿತ ಹೆಚ್ಚಾದರೆ ಚಿಪ್ಪು ಅದನ್ನು ಎರಡು ಒತ್ತು ಎಂದು ಎಣಿಸುತ್ತದೆ. ತಂತಿ ಕಿತ್ತು, ಕೀಲಿಯ ಟೋಪಿ ತೆಗೆದು, ಮೆತ್ತನೆಯ ಕುಂಚದಿಂದ ದೂಳು ಕೊಡವಿ. ಆಮೇಲೂ ಸರಿಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದೆರಡು ಹನಿ ಬಿಟ್ಟು ಹತ್ತಾರು ಸಲ ಒತ್ತಿ, ಪೂರ್ತಿ ಆರಿದ ಮೇಲೆ ತಂತಿ ಜೋಡಿಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಮಾತ್ರ ಬೇಡ. ಅವು ದೂಳನ್ನು ಕರೆದು ಕೂರಿಸಿಕೊಳ್ಳುತ್ತವೆ.

ಒಂದು ಕೀಲಿ ಸತ್ತೇ ಹೋಗಿದ್ದರೆ? ಇಲ್ಲಿಯೇ ‘ಹಾಟ್ ಸ್ವಾಪ್’ ಕೀಲಿಮಣೆಯ ಲಾಭ. ಇದರಲ್ಲಿ ಸ್ವಿಚ್ಚನ್ನು ಬೆಸುಗೆ ಬಿಚ್ಚದೆಯೇ ಇಕ್ಕಳದಿಂದ ಕೀಳಬಹುದು. ಯಾರೂ ಮುಟ್ಟದ ‘ಸ್ಕ್ರೋಲ್ ಲಾಕ್’ ಕೀಲಿಯ ಸ್ವಿಚ್ಚನ್ನು ಸತ್ತ ಕೀಲಿಯ ಜಾಗಕ್ಕೆ ಹಾಕಿ, ಅದರದ್ದನ್ನು ಇಲ್ಲಿಗೆ ತನ್ನಿ. ದೋಷ ಸ್ವಿಚ್ಚಿನ ಜೊತೆಗೇ ಹೋದರೆ ಸ್ವಿಚ್ಚು ಕೆಟ್ಟಿದೆ, ಹೊಸದೊಂದು ಸಾಕು. ದೋಷ ಅಲ್ಲೇ ಉಳಿದರೆ ಕೆಳಗಿನ ಹಲಗೆಯದ್ದು, ರಿಪೇರಿಯವರಿಗೆ ಕೊಡಬೇಕು. ಹಾಕುವಾಗ ಸ್ವಿಚ್ಚಿನ ಎರಡು ತೆಳು ಕಾಲುಗಳು ನೇರವಾಗಿವೆಯೇ ನೋಡಿ. ಹೊಸ ಸ್ವಿಚ್ಚು ಕೆಲಸ ಮಾಡದಿರಲು ಮಡಿಚಿದ ಕಾಲೇ ಎಷ್ಟೋ ಸಲ ಕಾರಣ.

ಸಾಲಾಗಿ ಹಲವು ಕೀಲಿಗಳು ಒಟ್ಟಿಗೆ ನಿಂತರೆ ಸ್ವಿಚ್ಚುಗಳನ್ನು ಬದಲಿಸಿ ಪ್ರಯೋಜನವಿಲ್ಲ. ತಂತಿಜಾಲದ ಒಂದು ಗೆರೆಯೇ ಕಡಿದಿದೆ ಅಥವಾ ನೆನೆದಿದೆ ಎಂದು ತಿಳಿಯಬೇಕು. ಚಹಾ ಚೆಲ್ಲಿದರೆ ಮೊದಲ ಕೆಲಸ ಒರೆಸುವುದಲ್ಲ, ತಂತಿ ಕೀಳುವುದು. ಆಮೇಲೆ ಬೋರಲು ಹಾಕಿ, ನೆರಳಿನಲ್ಲಿ ಎರಡು ದಿನ ಒಣಗಲು ಬಿಡಿ. ಸಕ್ಕರೆ ಹಾಕಿದ ಚಹಾ ಆದರೆ ಅಂಟು ಉಳಿಯುತ್ತದೆ, ಸ್ವಚ್ಛ ಮಾಡದೆ ವಿಧಿಯಿಲ್ಲ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಯಾವ ಟೋಪಿ ಎಲ್ಲಿಯದೆಂದು ಪರದಾಡುವುದು ತಪ್ಪುತ್ತದೆ.

ಅಪ್ಪ–ಮಗನ ಒಪ್ಪಂದ

ಹಾಗಾದರೆ ಮಳವಳ್ಳಿಯ ಆ ಮನೆಯ ಜಗಳ ಹೇಗೆ ಮುಗಿಯಬೇಕು? ಕಂದು ಸ್ವಿಚ್ಚು, ಅಂಕಿಗಳ ಗುಂಪು, ಹಾಟ್ ಸ್ವಾಪ್, ತಂತಿಯ ಜೋಡಣೆ. ಈ ನಾಲ್ಕೂ ಇರುವ ಸಾಧಾರಣ ಕೀಲಿಮಣೆ ಸಾಕು. ದೀಪಾಲಂಕಾರಕ್ಕೆ ಹೆಚ್ಚಿನ ಹಣ ಬೇಡ. ಅಪ್ಪನದೊಂದು ಷರತ್ತು ಇರಲಿ: ಆಟಕ್ಕೆ ಕೂರುವ ಮುನ್ನ ದಿನವೂ ಅರ್ಧ ಗಂಟೆ ಬೆರಳಚ್ಚು, ಅದರಲ್ಲಿ ಹದಿನೈದು ನಿಮಿಷ ಕನ್ನಡ. ಮಗನದೂ ಒಂದು ಇರಲಿ: ಕೆಟ್ಟಾಗ ಹೊಸದು ಕೇಳುವ ಮೊದಲು ತಾನೇ ಬಿಚ್ಚಿ ನೋಡುವುದು.

ಅಂದು ಶಿವನಸಮುದ್ರದಲ್ಲಿ ಕೂಡಿದ ಸಂಪರ್ಕದಿಂದ ಎಷ್ಟೋ ದೂರದ ಯಂತ್ರಗಳು ತಿರುಗಿದವು. ಅದೇ ಊರಿನ ಪಕ್ಕದ ಹುಡುಗನ ಬೆರಳಡಿಯಲ್ಲಿ ಈಗ ನೂರು ಸ್ವಿಚ್ಚುಗಳಿವೆ. ಅವುಗಳಿಂದ ಏನು ಬರೆಯಬೇಕೆಂಬುದು ಅವನಿಗೆ ಬಿಟ್ಟದ್ದು.