ಎರಡು ಬಾವುಟ ಹೊತ್ತು ಮುಳುಗಿದ ಹಡಗು

ಇನ್ನೂರು ವರ್ಷಗಳ ಹಿಂದೆ ಯುದ್ಧದ ಹಡಗುಗಳೂ ಮರದವೇ. ಗಾಳಿಯೇ ಅವಕ್ಕೆ ಇಂಜಿನ್ನು. ಅಂಥ ಒಂದು ಫ್ರೆಂಚ್ ಹಾಯಿಹಡಗಿನ ಕಥೆ ಇದು. ಅದರ ಹೆಸರು ‘ಡ್ಯೂಗೆ ತ್ರೂವೆ’. ಫ್ರಾನ್ಸಿನ ಹಳೆಯ ನಾವಿಕ ವೀರನೊಬ್ಬನ ಹೆಸರದು. 1800ರಲ್ಲಿ ರೋಷ್‌ಫೋರ್ ಎಂಬ ಊರಿನಲ್ಲಿ ಅದು ನೀರಿಗಿಳಿಯಿತು.

ನಕ್ಷೆ ಬರೆದವರು ಜಾಕ್ ನೊಯೆಲ್ ಸಾನೆ ಎಂಬ ಇಂಜಿನಿಯರು. ಫಿರಂಗಿ ಜಾಸ್ತಿ ಹೇರಿದರೆ ಹಡಗು ನಿಧಾನ, ಕಡಿಮೆ ಹೇರಿದರೆ ಯುದ್ಧದಲ್ಲಿ ಬಲ ಸಾಲದು. ಎರಡಕ್ಕೂ ಮಧ್ಯದ್ದು 74 ಫಿರಂಗಿಯ ಹಡಗು. ಅದು ಮೊದಲೇ ಇತ್ತು, ಸಾನೆ ಅದನ್ನು ತಿದ್ದಿ ತೀಡಿದರು. ಅವರ ಒಂದೇ ನಕ್ಷೆಯಿಂದ ನೂರರ ಆಸುಪಾಸು ಹಡಗುಗಳು ಹುಟ್ಟಿದವು! ಉದ್ದ ಸುಮಾರು 56 ಮೀಟರ್, ಒಳಗೆ ಸುಮಾರು 700 ಜನ.

ಕೆಳ ಅಂತಸ್ತಿನಲ್ಲಿ 36 ಪೌಂಡಿನ ಗುಂಡು ಹಾರಿಸುವ 28 ಫಿರಂಗಿ, ಅದರ ಮೇಲೆ 18 ಪೌಂಡಿನವು 30, ತುದಿಯಲ್ಲಿ 8 ಪೌಂಡಿನ ಚಿಕ್ಕವು 16. ಕೂಡಿ ನೋಡಿ, 74 ಆಗುತ್ತೆ. ದೊಡ್ಡದನ್ನು ಕೆಳಗೇ ಯಾಕೆ ಇಟ್ಟರು? ನಾವು ಗಾಡಿಗೆ ಹೇರುವಾಗ ಭಾರದ ಮೂಟೆ ಕೆಳಗೆ ಹಾಕ್ತೀವಲ್ಲ, ಹಾಗೆ. ದೊಡ್ಡ ಫಿರಂಗಿ ಒಂದೊಂದೂ ಮೂರು ಟನ್ನಿಗೂ ಮಿಕ್ಕಿದ ತೂಕ. ಮೇಲಿಟ್ಟರೆ ಹಡಗು ಮಗುಚೀತು. ಆದರೆ ತೊಂದರೆಯೂ ಉಂಟು. ಕೆಳಗಿನ ಕಿಂಡಿಗಳು ನೀರಿಗೆ ಹತ್ತಿರ. ಅಲೆ ಎದ್ದರೆ ಬಾಗಿಲು ಮುಚ್ಚಲೇಬೇಕು, ಆಗ ದೊಡ್ಡ ಫಿರಂಗಿಗಳೇ ದಂಡ!

1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಯುದ್ಧ. ಫ್ರಾನ್ಸ್ ಮತ್ತು ಸ್ಪೇನ್ ಒಂದು ಕಡೆ, ನೆಲ್ಸನ್ನನ ಇಂಗ್ಲಿಷ್ ಪಡೆ ಇನ್ನೊಂದು ಕಡೆ. ನಮ್ಮ ಹಡಗು ಸಾಲಿನ ಮುಂಭಾಗದಲ್ಲಿತ್ತು. ನೆಲ್ಸನ್ ನಡುವೆ ನುಗ್ಗಿದ. ಮುಂದಿನವರು ತಿರುಗಿ ಬರುವಷ್ಟರಲ್ಲಿ ತಡವಾಗಿತ್ತು, ನಾಲ್ಕು ಹಡಗುಗಳು ತಪ್ಪಿಸಿಕೊಂಡವು. ಪಾರಾದೆವು ಅಂದುಕೊಂಡರೋ ಏನೋ. ನವೆಂಬರ್ 4ರಂದು ಸ್ಪೇನಿನ ಆರ್ಟೆಗಾಲ್ ಭೂಶಿರದ ಹತ್ತಿರ ನಾಲ್ಕೂ ಸೆರೆ ಸಿಕ್ಕವು. ಕ್ಯಾಪ್ಟನ್ ತೂಫೆ ಹಡಗಿನ ಮೇಲೇ ಸತ್ತರು.

ಇಂಗ್ಲಿಷರು ಅದಕ್ಕೆ ‘ಇಂಪ್ಲೇಕಬಲ್’ ಎಂದು ಹೆಸರು ಬದಲಿಸಿ ತಮ್ಮ ಪರವಾಗಿಯೇ ಯುದ್ಧಕ್ಕೆ ಕಳಿಸಿದರು. 1808ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಅದು ರಷ್ಯಾದ ಹಡಗಿನೊಡನೆ ಕಾದಾಡಿತು. 1855ರಿಂದ ಏನಾಯಿತು ಗೊತ್ತೇ? ಹಡಗು ಶಾಲೆಯಾಯಿತು! ಹುಡುಗರು ಅದರೊಳಗೇ ಇದ್ದು ನಾವಿಕರ ಕೆಲಸ ಕಲಿತರು. ನಮ್ಮ ಶಾಲೆಯೂ ಹಾಗೆ ತೇಲುವಂತಿದ್ದರೆ!

ಎರಡನೇ ಮಹಾಯುದ್ಧ ಮುಗಿದಾಗ ಮರ ಹಾಳಾಗಿತ್ತು, ರಿಪೇರಿಗೆ ಹಣವಿರಲಿಲ್ಲ. ಫ್ರಾನ್ಸಿಗೆ ಕೊಡ್ತೀವಿ ಅಂದರು, ಅವರೂ ಬೇಡವೆಂದರು. ಕೊನೆಗೆ 1949ರ ಡಿಸೆಂಬರ್ 2ರಂದು ಇಂಗ್ಲಿಷ್ ಕಾಲುವೆಗೆ ಎಳೆದೊಯ್ದು, ಎರಡೂ ದೇಶಗಳ ಬಾವುಟ ಹಾರಿಸಿ, ಸಿಡಿಮದ್ದು ಇಟ್ಟರು. ತಳ ಒಡೆದರೂ ಹಡಗು ಗಂಟೆಗಟ್ಟಲೆ ತೇಲುತ್ತಲೇ ಇತ್ತಂತೆ. ಮಾಡಿದ್ದು ತಪ್ಪು ಅಂತಲೇ ನನಗೆ ಅನಿಸುತ್ತೆ. ಅದರ ಹಿಂಭಾಗದ ಕೆತ್ತನೆ ಮತ್ತು ಮುಂಭಾಗದ ಗೊಂಬೆ ಮಾತ್ರ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ.

ಇನ್ನೊಂದು ವಿಷಯ ಬಿಟ್ಟೇ ಹೋಗಿತ್ತು. ಕೊನೆಯ ವರ್ಷಗಳಲ್ಲಿ ಅದರ ಪಕ್ಕದಲ್ಲೇ ಕಟ್ಟಿದ್ದ ಇನ್ನೊಂದು ಶಾಲಾಹಡಗು ‘ಟ್ರಿಂಕೋಮಲಿ’. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ್ದು. ಅದು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇದೆ.