ಮಾಡೆಲ್ ರೈಲಿನ ಬೋಗಿಗಳು ಒಂದಕ್ಕೊಂದು ಕೂಡುತ್ತಿಲ್ಲವೇ? ಗೋಂದು ಹಚ್ಚುವ ಮುನ್ನ ಇದನ್ನು ಓದಿ

ಮಿಯಾಪುರ (ಹೈದರಾಬಾದ್): ವಿದೇಶದಿಂದ ತರಿಸಿದ ಹೊಸ ಬೋಗಿ ಹಳಿಯ ಮೇಲೆ ಚೆನ್ನಾಗಿಯೇ ಓಡುತ್ತದೆ. ಆದರೆ ಮನೆಯಲ್ಲಿರುವ ಹಳೆಯ ಬೋಗಿಗೆ ಜೋಡಿಸಲು ಹೋದರೆ ಕೊಂಡಿ ಕೂಡುವುದೇ ಇಲ್ಲ. ಮಾಡೆಲ್ ರೈಲು ಹವ್ಯಾಸ ಶುರು ಮಾಡಿದ ಹಲವರಿಗೆ ಎದುರಾಗುವ ತಲೆನೋವು ಇದು. ವಾಪಸ್ ಕಳಿಸೋಣವೆಂದರೆ ಸಾಗಣೆ ವೆಚ್ಚ ದುಬಾರಿ. ಕೊಂಡಿ ಕತ್ತರಿಸಿ ಗೋಂದು ಹಚ್ಚಿದರೆ ಬೋಗಿಯೇ ಹಾಳು. ಹಾಗಾದರೆ ಪರಿಹಾರವೇನು? ಇಲ್ಲಿದೆ ಮಾಹಿತಿ.

ನಿಜವಾದ ರೈಲಿಗೂ ಇದೆ ಈ ಸಮಸ್ಯೆ

ಮಿಯಾಪುರಕ್ಕೆ ಹತ್ತಿರದ ಲಿಂಗಂಪಲ್ಲಿ ರೈಲು ನಿಲ್ದಾಣವು ಸಿಕಂದರಾಬಾದ್‌ನಿಂದ ಕಲಬುರಗಿ ಜಿಲ್ಲೆಯ ವಾಡಿಗೆ ಹೋಗುವ ಮಾರ್ಗದಲ್ಲಿದೆ. ಇಂಥ ಯಾವುದೇ ನಿಲ್ದಾಣದ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಗಮನಿಸಿದರೆ ಬೋಗಿಗಳನ್ನು ಎರಡು ರೀತಿಯಲ್ಲಿ ಜೋಡಿಸಿರುವುದು ಕಾಣುತ್ತದೆ. ಹಳೆಯ ಐಸಿಎಫ್ ಬೋಗಿಗಳಿಗೆ ಕೊಕ್ಕೆ ಮತ್ತು ತಿರುಗಿಸಿ ಬಿಗಿ ಮಾಡುವ ಸ್ಕ್ರೂ ಕಪ್ಲಿಂಗ್ ಇರುತ್ತದೆ. ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿ, ಎರಡು ಕೈಗಳ ಬೆರಳು ಮಡಚಿ ಹಿಡಿದಂತೆ ಬೆಸೆದುಕೊಳ್ಳುವ ಸೆಂಟರ್ ಬಫರ್ ಕಪ್ಲರ್, ಅಂದರೆ ಸಿಬಿಸಿ ಇರುತ್ತದೆ. ಇವೆರಡೂ ನೇರವಾಗಿ ಕೂಡುವುದಿಲ್ಲ.

ಇದಕ್ಕೆ ರೈಲ್ವೆ ಕಂಡುಕೊಂಡ ದಾರಿ ಸರಳ. ಒಂದು ರೈಲಿನ ಬೋಗಿಗಳೆಲ್ಲ ಸಾಮಾನ್ಯವಾಗಿ ಒಂದೇ ಬಗೆಯವು. ಎರಡು ಬಗೆಗೂ ಹೊಂದಿಕೊಳ್ಳುವ ಹೊಣೆ ಎಂಜಿನ್‌ನದ್ದು. ಹಲವು ಎಂಜಿನ್‌ಗಳ ಸಿಬಿಸಿಗೆ ಸ್ಕ್ರೂ ಕೊಂಡಿಯನ್ನೂ ಅಳವಡಿಸಿರುತ್ತಾರೆ, ಇಕ್ಕೆಲಗಳಲ್ಲಿ ಬಫರ್ ಇರುತ್ತವೆ. ಮನೆಯ ಮಾಡೆಲ್ ರೈಲಿಗೂ ಇದೇ ಸೂತ್ರ ಸಾಕು.

ನಿಮ್ಮ ಕಪ್ಲರ್ ಯಾವುದು?

ಎಚ್‌ಒ ಅಳತೆಯ (ನಿಜವಾದ ರೈಲಿನ 87ನೇ ಒಂದು ಭಾಗ) ಮಾಡೆಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕಪ್ಲರ್‌ಗಳು ಸಿಗುತ್ತವೆ.

* ಹಾರ್ನ್-ಹುಕ್: ಹಳೆಯ ಅಮೆರಿಕನ್ ಮಾಡೆಲ್‌ಗಳಲ್ಲಿ ಕಾಣುವ ಪ್ಲಾಸ್ಟಿಕ್ ಕೊಕ್ಕೆ.
* ನಕಲ್: ನಿಜವಾದ ಸಿಬಿಸಿಯಂತೆ ಕಾಣುವ ಕಪ್ಲರ್. ಕೇಡಿ ಕಂಪನಿಯದ್ದು ಹೆಸರುವಾಸಿ. ಇತರ ಕಂಪನಿಗಳ ಎಚ್‌ಒ ನಕಲ್ ಕಪ್ಲರ್‌ಗಳೂ ಸಾಮಾನ್ಯವಾಗಿ ಇದಕ್ಕೆ ಕೂಡುತ್ತವೆ.
* ಲೂಪ್: ಯುರೋಪಿಯನ್ ಮಾಡೆಲ್‌ಗಳಲ್ಲಿರುವ ತಂತಿಯ ಬಳೆಯಂಥ ಕೊಂಡಿ.

ಬ್ರಿಟನ್‌ನ ಹಾರ್ನ್‌ಬಿ ಕಂಪನಿಯ ಓಓ ಮಾಡೆಲ್‌ಗಳಲ್ಲಿ ಟೆನ್ಷನ್-ಲಾಕ್ ಎಂಬ ನಾಲ್ಕನೇ ಬಗೆ ಇರುತ್ತದೆ. ಎಚ್‌ಒ, ಓಓ ಎರಡೂ 16.5 ಮಿ.ಮೀ ಅಗಲದ ಹಳಿಯ ಮೇಲೆಯೇ ಓಡುವುದರಿಂದ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಹಳಿ ಒಂದೇ ಎಂದ ಮಾತ್ರಕ್ಕೆ ಕೊಂಡಿ ಒಂದೇ ಅಲ್ಲ.

ಮೊದಲು ಎತ್ತರ ನೋಡಿ

ಒಂದೇ ಬಗೆಯ ಕಪ್ಲರ್ ಇದ್ದರೂ ಓಡುವಾಗ ಬೋಗಿ ಕಳಚಿಕೊಳ್ಳುತ್ತಿದೆಯೇ? ಹಾಗಿದ್ದರೆ ಎತ್ತರದಲ್ಲಿ ವ್ಯತ್ಯಾಸ ಇರಬಹುದು. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್‌ನಲ್ಲಿ ಬಫರ್ ಎತ್ತರ ಹಳಿಯಿಂದ ಗರಿಷ್ಠ 1105 ಮಿ.ಮೀ, ಕನಿಷ್ಠ 1030 ಮಿ.ಮೀ ಇರಬೇಕು. ಅಂದರೆ ಸಡಿಲಿಕೆ ಬರೀ 75 ಮಿ.ಮೀ. ಎಚ್‌ಒ ಮಾಡೆಲ್‌ನಲ್ಲಿ 1 ಮಿ.ಮೀ ಎಂದರೆ ನಿಜವಾದ ರೈಲಿನ 87 ಮಿ.ಮೀ. ಕಣ್ಣಿಗೆ ಕಾಣದಷ್ಟು ಸಣ್ಣ ಏರುಪೇರೂ ಇಲ್ಲಿ ದೊಡ್ಡದೇ.

ಎಚ್‌ಒ ನಕಲ್ ಕಪ್ಲರ್‌ನ ಮಧ್ಯಭಾಗ ಹಳಿಯಿಂದ ಸುಮಾರು 9.9 ಮಿ.ಮೀ ಎತ್ತರದಲ್ಲಿರಬೇಕು. ಇದನ್ನು ಅಳೆಯಲು ಹಳಿಯ ಮೇಲೆ ಇಡುವ ಗೇಜ್ ಸಿಗುತ್ತದೆ. ಒಂದು ಬೋಗಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ, ಪ್ರತಿ ಬೋಗಿಯನ್ನೂ ಗೇಜ್ ಜೊತೆಗೇ ಹೋಲಿಸಿ.

ಸರಿಪಡಿಸುವುದು ಹೇಗೆ?

* ಕಪ್ಲರ್ ತಗ್ಗಿನಲ್ಲಿದ್ದರೆ ಚಕ್ರದ ಚೌಕಟ್ಟು ಮತ್ತು ಬೋಗಿಯ ನಡುವೆ ತೆಳುವಾದ ಫೈಬರ್ ವಾಷರ್ ಹಾಕಿ. 0.25 ಮತ್ತು 0.38 ಮಿ.ಮೀ ದಪ್ಪದವು ಸಿಗುತ್ತವೆ.
* ವ್ಯತ್ಯಾಸ ಹೆಚ್ಚಿದ್ದರೆ ಕತ್ತು ಮೇಲಕ್ಕೆ ಅಥವಾ ಕೆಳಕ್ಕೆ ಬಾಗಿದ ಕಪ್ಲರ್ ಕೊಳ್ಳಿ.
* ನಕಲ್ ಕಪ್ಲರ್‌ನ ಕೆಳಗೆ ನೇತಾಡುವ ತಂತಿ ಹಳಿ ಕವಲೊಡೆಯುವಲ್ಲಿ ತಗುಲುತ್ತಿದ್ದರೆ, ಇಕ್ಕಳದಿಂದ ಹಿಡಿದು ಸ್ವಲ್ಪ ಮೇಲಕ್ಕೆ ಬಾಗಿಸಿ.
* ಕಪ್ಲರ್ ಅಲುಗಾಡದೆ ಬಿಗಿಯಾಗಿದ್ದರೆ ಗ್ರಾಫೈಟ್ ಪುಡಿ ಹಾಕಿ. ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ.
* ಬೋಗಿಯ ತುದಿಯಲ್ಲಿ ಎನ್‌ಇಎಂ 362 ಎಂಬ ಆಯತಾಕಾರದ ಗೂಡು ಇದೆಯೇ ನೋಡಿ. ಇದ್ದರೆ ಸ್ಕ್ರೂ ಬಿಚ್ಚುವ ಕೆಲಸವೇ ಇಲ್ಲ. ಹಳೆಯ ಕಪ್ಲರ್ ಎಳೆದು ತೆಗೆದು, ಈ ಗೂಡಿಗೆಂದೇ ಬರುವ ನಕಲ್ ಕಪ್ಲರ್ ಸಿಕ್ಕಿಸಿದರಾಯಿತು.
* ಕಪ್ಲರ್ ಚಕ್ರದ ಚೌಕಟ್ಟಿಗೇ ಅಂಟಿಕೊಂಡಿದ್ದರೆ ರೈಲು ಹಿಮ್ಮುಖವಾಗಿ ಚಲಿಸುವಾಗ ಹಳಿ ತಪ್ಪುವ ಸಂಭವ ಹೆಚ್ಚು. ಅದನ್ನು ತೆಗೆದು, ಬೋಗಿಯ ತಳಕ್ಕೆ ಸಣ್ಣ ಪೆಟ್ಟಿಗೆಯಲ್ಲಿ ಹೊಸ ಕಪ್ಲರ್ ಕೂರಿಸುವುದು ಒಳಿತು. ಗೋಂದಿಗಿಂತ ಸ್ಕ್ರೂ ಬಳಸಿ, ಮುಂದೆ ಬಿಚ್ಚಲು ಸುಲಭ.

ಎಲ್ಲ ಬದಲಿಸಬೇಕಾಗಿಲ್ಲ

ಇಪ್ಪತ್ತು ಬೋಗಿಗಳಿದ್ದರೆ ಎಲ್ಲದರ ಕಪ್ಲರ್ ಬದಲಿಸುವುದು ಜೇಬಿಗೆ ಭಾರ. ಇಲ್ಲಿ ರೈಲ್ವೆಯ ಉಪಾಯವೇ ನೆರವಿಗೆ ಬರುತ್ತದೆ. ಒಂದು ಅಗ್ಗದ ವ್ಯಾಗನ್‌ನ ಒಂದು ತುದಿಗೆ ನಕಲ್, ಇನ್ನೊಂದು ತುದಿಗೆ ಲೂಪ್ ಕಪ್ಲರ್ ಹಾಕಿ. ಎರಡು ಬಗೆಯ ಬೋಗಿಗಳ ನಡುವೆ ಅದು ಸೇತುವೆಯಾಗುತ್ತದೆ. ಇನ್ನು ಮುಂದೆ ಕೊಳ್ಳುವ ಬೋಗಿಗಳಿಗೆ ಒಂದೇ ಬಗೆಯನ್ನು ನಿಗದಿ ಮಾಡಿಕೊಳ್ಳಿ.

ತೆಗೆದ ಹಳೆಯ ಕಪ್ಲರ್‌ಗಳನ್ನು ಎಸೆಯಬೇಡಿ. ಯಾವ ಬೋಗಿಯದ್ದು ಎಂದು ಬರೆದು ಡಬ್ಬಿಯಲ್ಲಿಡಿ. ಮುಂದೊಂದು ದಿನ ಬೋಗಿ ಮಾರುವಾಗ ಮೂಲ ಕಪ್ಲರ್ ಕೇಳುವವರು ಇದ್ದೇ ಇರುತ್ತಾರೆ.