ಹೊಸ ಮುಖ್ಯ ತರಬೇತುದಾರ, ಹಳೆಯ ಸಹಾಯಕರು: ಉಳಿಸಿಕೊಳ್ಳುವುದೇ, ಬೀಳ್ಕೊಡುವುದೇ?

ಸಂಸ್ಥೆಯೊಂದರ ಸೂತ್ರ ಹೊಸಬರ ಕೈಸೇರಿದಾಗ ಮೊದಲು ಎದುರಾಗುವ ಪ್ರಶ್ನೆ ಬಂಡವಾಳದ್ದಲ್ಲ, ಜನರದ್ದು. ಕುಮಟಾದಲ್ಲಿ ತಂದೆಯ ಅಡಿಕೆ ಮಂಡಿಯನ್ನು ವಹಿಸಿಕೊಂಡ ಮಗ, ಹೊನ್ನಾವರದ ಕಾಸರಕೋಡಿನಲ್ಲಿ ಯಾಂತ್ರೀಕೃತ ದೋಣಿಯನ್ನು ಖರೀದಿಸಿದ ಮಾಲೀಕ, ಭಟ್ಕಳದ ಬಟ್ಟೆ ಅಂಗಡಿಗೆ ಹೊಸದಾಗಿ ಸೇರಿದ ಪಾಲುದಾರ, ಈ ಮೂವರಿಗೂ ಚಿಂತೆ ಒಂದೇ. ಹಿಂದಿನವರ ಕಾಲದ ಗುಮಾಸ್ತನನ್ನು, ತಾಂಡೇಲನನ್ನು, ಮಳಿಗೆಯ ಹಿರಿಯ ನೌಕರನನ್ನು ಉಳಿಸಿಕೊಳ್ಳಬೇಕೆ? ಅಥವಾ ತಮಗೆ ನಂಬಿಕೆಯುಳ್ಳವರನ್ನು ಕರೆತರಬೇಕೆ?

ವ್ಯಾಪಾರದಲ್ಲಿ ಇಂತಹ ನಿರ್ಧಾರದ ಫಲ ತಿಳಿಯಲು ವರ್ಷಗಳೇ ಬೇಕಾಗಬಹುದು. ಕ್ರೀಡಾಕ್ಷೇತ್ರದಲ್ಲಿ ಅದು ವಾರವಾರವೂ ಸಾರ್ವಜನಿಕರ ಕಣ್ಣೆದುರಿನಲ್ಲೇ ಪ್ರಕಟವಾಗುತ್ತದೆ. ಆದುದರಿಂದ ಹೊಸ ಮುಖ್ಯ ತರಬೇತುದಾರರು ಹಳೆಯ ಸಹಾಯಕರ ವಿಷಯದಲ್ಲಿ ಕೈಗೊಂಡ ನಿರ್ಧಾರಗಳು ಉದ್ಯಮಿಗಳ ಪರಿಶೀಲನೆಗೂ ಯೋಗ್ಯವಾಗಿವೆ. ಇದಕ್ಕೆ ಉತ್ತಮ ನಿದರ್ಶನವೊಂದು ಕುಮಟಾದಿಂದಲೇ ದೊರೆಯುತ್ತದೆ.

ಐವರು ಮುಖ್ಯಸ್ಥರು, ಒಬ್ಬ ಸಹಾಯಕ

ಕುಮಟಾ ಮೂಲದ ರಾಘವೇಂದ್ರ ದಿವಗಿ ಅವರ ಹೆಸರು ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ. ಕ್ರಿಕೆಟ್ ಆಟಗಾರನಾಗುವ ಹಂಬಲದಿಂದ ಊರು ಬಿಟ್ಟು, ಹುಬ್ಬಳ್ಳಿಯಲ್ಲಿ ನೆಲೆಯಿಲ್ಲದೆ ದಿನ ಕಳೆದು, ಕೈಗೆ ಪೆಟ್ಟಾಗಿ ಆಟದ ಆಸೆ ಕೈಬಿಟ್ಟ ಅವರು ಬೆಂಗಳೂರಿನಲ್ಲಿ ಬ್ಯಾಟರ್‌ಗಳಿಗೆ ಅಭ್ಯಾಸದ ಚೆಂಡು ಎಸೆಯುವ ಕಾಯಕವನ್ನು ಆರಿಸಿಕೊಂಡರು. ಕರ್ನಾಟಕ ರಣಜಿ ತಂಡ ಹಾಗೂ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗಳಲ್ಲಿ ದುಡಿದು, 2011ರ ವೇಳೆಗೆ ಭಾರತ ತಂಡದ ಸಹಾಯಕ ಸಿಬ್ಬಂದಿಯನ್ನು ಸೇರಿದರು. ಉದ್ದ ಹಿಡಿಕೆಯ ಸಾಧನವೊಂದರಿಂದ ಚೆಂಡನ್ನು ಅತಿವೇಗವಾಗಿ ಎಸೆದು ಬ್ಯಾಟರ್‌ಗಳನ್ನು ಪಂದ್ಯಕ್ಕೆ ಸಜ್ಜುಗೊಳಿಸುವುದು ಅವರ ಕೆಲಸ. 2013ರ ನಂತರ ವೇಗದ ಬೌಲಿಂಗನ್ನು ಎದುರಿಸುವಲ್ಲಿ ತಂಡ ಕಂಡ ಸುಧಾರಣೆಗೆ ರಾಘವೇಂದ್ರ ಅವರೇ ಕಾರಣರೆಂದು ವಿರಾಟ್ ಕೊಹ್ಲಿ ಹೇಳಿರುವುದು ಇಲ್ಲಿ ಸ್ಮರಣೀಯ.

ಈ ಅವಧಿಯಲ್ಲಿ ತಂಡದ ಮುಖ್ಯ ತರಬೇತುದಾರರು ಪದೇ ಪದೇ ಬದಲಾದರು. ಡಂಕನ್ ಫ್ಲೆಚರ್, 2016ರಲ್ಲಿ ಅನಿಲ್ ಕುಂಬ್ಳೆ, 2017ರಲ್ಲಿ ರವಿ ಶಾಸ್ತ್ರಿ, 2021ರಲ್ಲಿ ರಾಹುಲ್ ದ್ರಾವಿಡ್, 2024ರಲ್ಲಿ ಗೌತಮ್ ಗಂಭೀರ್ ಹೀಗೆ ಒಬ್ಬರ ನಂತರ ಒಬ್ಬರು ಬಂದರು. ಅವರ ಸ್ವಭಾವವೂ ಕಾರ್ಯವಿಧಾನವೂ ಬೇರೆ ಬೇರೆ. ಆದರೂ ಕುಮಟಾದ ಈ ಸಹಾಯಕನನ್ನು ಕೈಬಿಡುವ ಅಗತ್ಯ ಅವರಲ್ಲಿ ಯಾರಿಗೂ ಕಂಡುಬರಲಿಲ್ಲ. 2025ರ ಫೆಬ್ರುವರಿಯಲ್ಲಿ ನಾಗಪುರದ ಹೋಟೆಲೊಂದರ ಬಾಗಿಲಲ್ಲಿ ಪೊಲೀಸರು ಅವರನ್ನು ಅಭಿಮಾನಿಯೆಂದು ಭಾವಿಸಿ ತಡೆದ ಪ್ರಸಂಗವೂ ನಡೆಯಿತು. ಹೊರಗಿನವರಿಗೆ ಗುರುತು ಸಿಗದ ವ್ಯಕ್ತಿ ಒಳಗಿನವರಿಗೆ ಅನಿವಾರ್ಯನಾಗಿದ್ದ.

ಪ್ರತಿ ಆಟಗಾರನ ದೌರ್ಬಲ್ಯವೆಲ್ಲಿ, ಯಾವ ದಿನ ಯಾರಿಗೆ ಎಷ್ಟು ಅಭ್ಯಾಸ ಹಿತ ಎಂಬ ತಿಳಿವಳಿಕೆ ವರ್ಷಗಟ್ಟಲೆ ಎದುರು ನಿಂತು ಚೆಂಡೆಸೆದವನಿಗೆ ಮಾತ್ರ ಬರುವಂಥದು. ಹೊಸ ಮುಖ್ಯಸ್ಥನ ನೀತಿ ಯಾವುದೇ ಇರಲಿ, ಈ ತಿಳಿವಳಿಕೆ ಅವನಿಗೆ ಬೇಕೇ ಬೇಕು. ಮೇಲಾಗಿ ಅದು ಅವನ ಅಧಿಕಾರಕ್ಕೆ ಎದುರಾಳಿಯೂ ಅಲ್ಲ.

ಬದಲಾದವರು ಯಾರು?

ಅದೇ ತಂಡದಲ್ಲಿ ಉನ್ನತ ಸಹಾಯಕರ ಸ್ಥಾನಗಳ ಚರಿತ್ರೆ ಬೇರೆಯೇ ಆಗಿದೆ. ಕುಂಬ್ಳೆ ಅಧಿಕಾರ ವಹಿಸಿಕೊಂಡಾಗ ಬ್ಯಾಟಿಂಗ್‌ಗೆ ಸಂಜಯ್ ಬಂಗಾರ್ ಮುಂದುವರಿದರು, ಬೌಲಿಂಗ್ ನೋಡಿಕೊಳ್ಳುತ್ತಿದ್ದ ಭರತ್ ಅರುಣ್ ನಿರ್ಗಮಿಸಿದರು. ಮುಖ್ಯಸ್ಥನೇ ಶ್ರೇಷ್ಠ ಬೌಲರ್ ಆಗಿದ್ದುದರಿಂದ ಇದು ಸಹಜವಾಗಿತ್ತು. ಮರುವರ್ಷ ಶಾಸ್ತ್ರಿ ಬಂದಾಗ ಸಲಹಾ ಸಮಿತಿ ಬೇರೆ ಹೆಸರುಗಳನ್ನು ಪ್ರಕಟಿಸಿದ್ದರೂ ಅವರು ಅರುಣ್ ಅವರನ್ನೇ ಕೇಳಿ ಪಡೆದರು. ಬಂಗಾರ್ ಮತ್ತು ಕ್ಷೇತ್ರರಕ್ಷಣೆಯ ಆರ್. ಶ್ರೀಧರ್ ಉಳಿದರು. ಆ ಬೌಲಿಂಗ್ ಪಡೆಯ ಬಲದಿಂದ ಭಾರತ 2018-19ರಲ್ಲಿ ಮೊದಲ ಬಾರಿಗೆ ಆಸ್ಟ್ರೇಲಿಯಾ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದಿತು. ದ್ರಾವಿಡ್ ಬ್ಯಾಟಿಂಗ್ ತರಬೇತುದಾರ ವಿಕ್ರಮ್ ರಾಥೋಡ್ ಅವರೊಂದಿಗೆ ಮುಂದುವರಿದರು. ಬೌಲಿಂಗ್ ಮತ್ತು ಕ್ಷೇತ್ರರಕ್ಷಣೆಗೆ ಹೊಸಬರು ಬಂದರು. ಗಂಭೀರ್ ಕಾಲದಲ್ಲಿ ಕ್ಷೇತ್ರರಕ್ಷಣೆಯ ಟಿ. ದಿಲೀಪ್ ಉಳಿದರು, ಉಳಿದ ಸ್ಥಾನಗಳು ಬದಲಾದವು.

ಈ ನಾಲ್ಕೂ ಬದಲಾವಣೆಗಳಲ್ಲಿ ಒಂದು ಸಮಾನ ಅಂಶವಿದೆ. ಹಿರಿಯ ಸಹಾಯಕರಲ್ಲಿ ಒಬ್ಬರಾದರೂ ಪ್ರತಿ ಬಾರಿ ಉಳಿದಿದ್ದಾರೆ. ತನ್ನ ವಿಚಾರಕ್ಕೆ ಹತ್ತಿರದ ಒಬ್ಬರನ್ನಾದರೂ ಆರಿಸಿಕೊಳ್ಳುವ ಅವಕಾಶ ಮುಖ್ಯಸ್ಥನಿಗೂ ದೊರೆತಿದೆ. ಎಲ್ಲರನ್ನೂ ಕಿತ್ತೊಗೆಯುವ ಅಥವಾ ಎಲ್ಲರನ್ನೂ ಹಾಗೆಯೇ ಮುಂದುವರಿಸುವ ಹಾದಿಯನ್ನು ಯಾರೂ ಹಿಡಿಯಲಿಲ್ಲ.

ಫುಟ್‌ಬಾಲ್ ಕಲಿಸುವ ಪಾಠ

ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಏಳುವುದು ಫುಟ್‌ಬಾಲ್‌ನಲ್ಲಿ. ಅಲ್ಲಿ ಹೊಸ ತರಬೇತುದಾರನು ತನ್ನದೇ ಪರಿವಾರದೊಂದಿಗೆ ಬರುವುದು ವಾಡಿಕೆ. ಇದಕ್ಕೆ ಹೆಸರಾಂತ ಅಪವಾದ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್. 1959ರ ಡಿಸೆಂಬರಿನಲ್ಲಿ, ತಂಡ ಎರಡನೆಯ ವಿಭಾಗದಲ್ಲಿದ್ದಾಗ, ಋತುವಿನ ನಡುವೆ ಬಂದ ಬಿಲ್ ಶ್ಯಾಂಕ್ಲಿ ಅಲ್ಲಿದ್ದ ಬಾಬ್ ಪೈಸ್ಲಿ, ಜೋ ಫೇಗನ್ ಮುಂತಾದ ಸಹಾಯಕರನ್ನು ನಿಷ್ಠೆಯೊಂದನ್ನೇ ಬಯಸಿ ಉಳಿಸಿಕೊಂಡರು. 1964ರಲ್ಲಿ ತಂಡ ಪ್ರಥಮ ವಿಭಾಗದ ಚಾಂಪಿಯನ್ ಆಯಿತು. 1974ರಲ್ಲಿ ಶ್ಯಾಂಕ್ಲಿ ನಿವೃತ್ತರಾದಾಗ ಪೈಸ್ಲಿ, 1983ರಲ್ಲಿ ಫೇಗನ್ ಅಧಿಕಾರ ವಹಿಸಿಕೊಂಡರು. ಇವರಿಬ್ಬರ ಅವಧಿಯಲ್ಲಿ ಕ್ಲಬ್ ನಾಲ್ಕು ಬಾರಿ ಯುರೋಪಿಯನ್ ಕಪ್ ಗೆದ್ದಿತು. ಅಂದು ಉಳಿಸಿಕೊಂಡ ಸಹಾಯಕರೇ ಮುಂದಿನ ಉತ್ತರಾಧಿಕಾರಿಗಳಾದರು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಮ್ಯಾಂಚೆಸ್ಟರ್ ಯುನೈಟೆಡ್. 2013ರಲ್ಲಿ ಚಾಂಪಿಯನ್ ತಂಡವನ್ನು ವಹಿಸಿಕೊಂಡ ಡೇವಿಡ್ ಮೋಯೆಸ್ ಅವರ ಆಗಮನದೊಡನೆ ಮೈಕ್ ಫೆಲನ್, ರೆನೆ ಮ್ಯೂಲೆನ್‌ಸ್ಟೀನ್, ಎರಿಕ್ ಸ್ಟೀಲ್ ತೆರಳಿದರು. ಎವರ್ಟನ್‌ನಿಂದ ಹೊಸಬರ ಸಹಾಯಕರು ಬಂದರು. ಹತ್ತು ತಿಂಗಳಲ್ಲಿ ಮೋಯೆಸ್ ಪದಚ್ಯುತರಾದರು, ತಂಡ ಏಳನೆಯ ಸ್ಥಾನಕ್ಕಿಳಿಯಿತು. ಆಟಗಾರರ ವಯಸ್ಸು ಸೇರಿದಂತೆ ಕಾರಣಗಳು ಹಲವಿದ್ದವು. ಆದರೂ ಮುಖ್ಯಸ್ಥನೂ ಅವನ ಬಹುತೇಕ ಸಹಾಯಕರೂ ಏಕಕಾಲಕ್ಕೆ ಹೊಸಬರಾದುದರಿಂದ ಗೆಲ್ಲುವ ತಂಡದ ದೈನಂದಿನ ಕ್ರಮವನ್ನು ತಿಳಿಸಿಕೊಡುವವರು ಕಡಿಮೆಯಾದರು.

ಹಾಗೆಂದು ತನ್ನವರನ್ನು ಕರೆತರುವುದೇ ತಪ್ಪೆಂದಲ್ಲ. 2016ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ ಆಲ್ಬರ್ಟ್ ರೋಕಾ ತಮ್ಮೊಡನೆ ಕಾರ್ಲೆಸ್ ಕ್ವಾದ್ರಾತ್ ಅವರನ್ನು ಕರೆತಂದರು. ಅದೇ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2018ರಲ್ಲಿ ರೋಕಾ ನಿರ್ಗಮಿಸಿದಾಗ ಆಡಳಿತ ಮಂಡಳಿ ಹೊರಗಿನವರನ್ನು ಹುಡುಕದೆ ಸಹಾಯಕನಾಗಿದ್ದ ಕ್ವಾದ್ರಾತ್ ಅವರಿಗೇ ಹೊಣೆ ವಹಿಸಿತು; 2019ರ ಮಾರ್ಚ್‌ನಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಇಂದು ಹೊಸಬನಾಗಿ ಬಂದವನು ನಾಳೆ ಹಳಬನಾಗುತ್ತಾನೆ ಎಂಬುದು ಇಲ್ಲಿನ ತಾತ್ಪರ್ಯ.

ಕರಾವಳಿಯ ಪೇಟೆಗೆ ಅನ್ವಯ

ಈ ನಿದರ್ಶನಗಳಿಂದ ಹೊರಡುವ ಸೂತ್ರ ಸರಳವಾಗಿದೆ. ಸ್ಥಳ ಮತ್ತು ಜನರನ್ನು ಬಲ್ಲ ಕೆಲಸಗಾರ ಬೇರೆ, ದಿಕ್ಕನ್ನು ನಿರ್ಧರಿಸುವ ಸಹಾಯಕ ಬೇರೆ. ಮೊದಲನೆಯವರನ್ನು ಉಳಿಸಿಕೊಳ್ಳುವುದೇ ಲಾಭಕರ. ಎರಡನೆಯವರ ವಿಷಯದಲ್ಲಿ ಹೊಸ ಮುಖ್ಯಸ್ಥನ ಇಚ್ಛೆಗೆ ಮನ್ನಣೆ ಇರಬೇಕು.

ಕುಮಟಾದ ಅಡಿಕೆ ಮಾರುಕಟ್ಟೆಯಲ್ಲಿ ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು ಎಂದು ದರ ಬೇರೆ ಬೇರೆ. ರಾಶಿಯನ್ನು ಕಂಡೊಡನೆ ದರ್ಜೆ ಹೇಳಬಲ್ಲ, ಯಾವ ಬೆಳೆಗಾರ ಯಾವಾಗ ಮಾಲು ತರುತ್ತಾನೆಂದು ಬಲ್ಲ ಹಳೆಯ ನೌಕರ ಹೊರಟುಹೋದರೆ ಆ ಜ್ಞಾನವೂ ಅವನೊಡನೆ ಹೊರಟುಹೋಗುತ್ತದೆ. ಲೆಕ್ಕಪುಸ್ತಕವನ್ನು ಗಣಕಯಂತ್ರಕ್ಕೆ ಏರಿಸುವುದೋ, ಸಾಲದ ಮಿತಿಯನ್ನು ತಗ್ಗಿಸುವುದೋ ಹೊಸ ಯಜಮಾನನ ನೀತಿ. ಅದಕ್ಕೆ ಅವನಿಗೆ ಬೇಕಾದವರನ್ನು ನೇಮಿಸಿಕೊಳ್ಳುವುದು ನ್ಯಾಯ. ಹೊನ್ನಾವರದಲ್ಲಿ ಶರಾವತಿಯ ಅಳಿವೆಯ ಮರಳುದಿಬ್ಬಗಳ ನಡುವೆ ದೋಣಿ ದಾಟಿಸುವ ತಾಂಡೇಲನ ಅನುಭವ ಕ್ರಯಪತ್ರದಲ್ಲಿ ಬರೆದು ಕೊಡುವ ಸ್ವತ್ತಲ್ಲ. ಮಾಲೀಕನು ವರ್ಷದ ಬಹುಭಾಗ ಪರಸ್ಥಳದಲ್ಲಿದ್ದು ಭಟ್ಕಳದ ಮಳಿಗೆಯನ್ನು ನೌಕರರೇ ನಡೆಸುವಾಗ ಗಿರಾಕಿಗಳ ವಿಶ್ವಾಸ ಫಲಕದ ಮೇಲಿನ ಹೆಸರಿಗಿಂತ ಗಲ್ಲೆಯ ಬಳಿಯ ಮುಖದಲ್ಲಿ ನೆಲೆಸಿರುತ್ತದೆ.

ಬದಲಾವಣೆಯ ಪರವಾದ ವಾದಕ್ಕೂ ಬಲವಿದೆ. ಹಳೆಯ ಯಜಮಾನನ ಕಾಲದಲ್ಲಿ ಹೀಗಿರಲಿಲ್ಲವೆಂದು ಪ್ರತಿ ಹೆಜ್ಜೆಗೂ ಹೇಳುವ ಸಹಾಯಕನು ತಂಡವನ್ನು ಎರಡು ಪಾಲು ಮಾಡುತ್ತಾನೆ. ತಾನೇ ಮುಖ್ಯಸ್ಥನಾಗಬೇಕಿತ್ತೆಂಬ ನೋವು ಇದ್ದವನಿಂದಲೂ ಪೂರ್ಣಮನಸ್ಸಿನ ಸಹಕಾರ ಕಷ್ಟ. ಇನ್ನು ಹಳೆಯ ಲೋಪಗಳಲ್ಲಿ ಪಾಲುದಾರನಾದವನನ್ನು ಅನುಭವದ ಹೆಸರಿನಲ್ಲಿ ಉಳಿಸಿಕೊಳ್ಳುವುದು ಲೋಪವನ್ನೇ ಉಳಿಸಿಕೊಂಡಂತೆ. ಇಂತಹವರನ್ನು ಗೌರವದಿಂದ, ಸಲ್ಲಬೇಕಾದುದನ್ನು ಪೂರ್ಣವಾಗಿ ಸಲ್ಲಿಸಿ ಬೀಳ್ಕೊಡುವುದೇ ಉಭಯರಿಗೂ ಕ್ಷೇಮ.

ನಿರ್ಧಾರದಷ್ಟೇ ಅದರ ಕಾಲವೂ ಮುಖ್ಯ. ನಡುಋತುವಿನಲ್ಲಿ ಬಂದ ಶ್ಯಾಂಕ್ಲಿ ಯಾರನ್ನೂ ಕದಲಿಸಲಿಲ್ಲ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವ ಎರಡು ತಿಂಗಳು ಇಂತಹ ಮಾತುಕತೆಗೆ ಪ್ರಶಸ್ತ. ಆಗಸ್ಟಿನಲ್ಲಿ ದೋಣಿ ಕಡಲಿಗಿಳಿದ ಮೇಲೆ ತಾಂಡೇಲನನ್ನು ಬದಲಿಸುವುದು ಅಪಾಯಕರ. ನಿರ್ಧಾರ ಯಾವುದೇ ಆಗಲಿ, ಮೊದಲ ದಿನಗಳಲ್ಲೇ ಮುಖಾಮುಖಿಯಾಗಿ ತಿಳಿಸತಕ್ಕದ್ದು. ತಿಂಗಳುಗಟ್ಟಲೆ ಅನಿಶ್ಚಿತತೆಯಲ್ಲಿ ಇರಿಸಿದರೆ ಉಳಿಯಬೇಕಾದ ಸಮರ್ಥರೇ ಮೊದಲು ಬೇರೆಡೆ ಹೋಗುತ್ತಾರೆ.

ಹೊಸ ಯಜಮಾನನ ಕೈಗೆ ಬರುವ ಆಸ್ತಿಪಟ್ಟಿಯಲ್ಲಿ ಕಟ್ಟಡ, ಸರಕು, ದೋಣಿ, ಬಲೆ ಎಲ್ಲಕ್ಕೂ ಬೆಲೆ ಕಟ್ಟಿರುತ್ತದೆ. ಹಳೆಯ ಸಹಾಯಕನ ತಿಳಿವಳಿಕೆಗೆ ಮಾತ್ರ ಬೆಲೆ ನಮೂದಾಗಿರುವುದಿಲ್ಲ. ಐವರು ಮುಖ್ಯ ತರಬೇತುದಾರರು ಕುಮಟಾದ ಒಬ್ಬ ಸಹಾಯಕನಲ್ಲಿ ಆ ಬೆಲೆಯನ್ನು ಗುರುತಿಸಿದರು. ಕುಮಟಾ, ಹೊನ್ನಾವರ, ಭಟ್ಕಳಗಳ ವರ್ತಕರೂ ಯಾರನ್ನೇ ಬೀಳ್ಕೊಡುವ ಮುನ್ನ ತಮ್ಮ ಸಂಸ್ಥೆಯಲ್ಲಿ ಅಂತಹವರು ಯಾರೆಂದು ಒಮ್ಮೆ ಎಣಿಸಿ ನೋಡುವುದು ಉಚಿತ.